ಅಭಿರುಚಿಯೂ ಶೀಲವೂ

ಮನುಷ್ಯನ ಶೀಲವನ್ನು ಅವನ ಕರ್ತವ್ಯದಲ್ಲಿ ನೋಡಬೇಕೇ, ವಿನೋದದಲ್ಲಿ ನೋಡಬೇಕೇ ಎಂಬ ಪ್ರಶ್ನೆ ಬಹು ಹಳೆಯದು. ಕರ್ತವ್ಯಕ್ಕೆ ಹಿರಿಯರ ಕಣ್ಣುಂಟು, ಊರಿನ ಕಣ್ಣುಂಟು. ಆ ಕಣ್ಣುಗಳಿಗೆ ಅಂಜಿ ನಡೆಯುವವನ ನಡತೆಯಲ್ಲಿ ಅವನದೆಷ್ಟು, ಅಂಜಿಕೆಯದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ವಿನೋದಕ್ಕಾದರೋ ಯಾರ ಆಜ್ಞೆಯೂ ಇಲ್ಲ. ಹಾಡನ್ನು ಕೇಳೆಂದು ಯಾರೂ ಬಲಾತ್ಕರಿಸುವುದಿಲ್ಲ. ಮೆಚ್ಚಿದ ನಟನನ್ನು ಮೆಚ್ಚದಿದ್ದರೆ ದಂಡವಿಲ್ಲ. ಆದಕಾರಣ ಮನಸ್ಸು ತನ್ನ ಪಾಡಿಗೆ ತಾನು ಹರಿಯುವ ಈ ಎಡೆಯಲ್ಲಿಯೇ ಮನುಷ್ಯನ ನಿಜಸ್ವರೂಪವು ಗೋಚರಿಸುತ್ತದೆಂದು ಹಲವರು ಹೇಳುತ್ತಾರೆ. ಕಥೆಗಾರರಂತೂ ಈ ಮಾತನ್ನು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ವಿಶೇಷವಾಗಿ ಹದಿಹರೆಯದವರನ್ನು ಕುರಿತ ಕಥೆಗಳಲ್ಲಿ, ಆ ಹುಡುಗನು ಏನು ಓದುತ್ತಾನೆ, ಆ ಹುಡುಗಿಯು ಯಾವ ಹಾಡನ್ನು ಗುನುಗುತ್ತಾಳೆ, ಯಾವ ಆಟಗಾರನ ಚಿತ್ರ ಗೋಡೆಯ ಮೇಲಿದೆ ಎಂಬುದರಿಂದಲೇ ಪಾತ್ರದ ಪರಿಚಯವಾಗುವುದುಂಟು. ಈ ಪದ್ಧತಿಯು ಎಷ್ಟರಮಟ್ಟಿಗೆ ಸತ್ಯವನ್ನು ತಿಳಿಸುತ್ತದೆ, ಎಷ್ಟರಮಟ್ಟಿಗೆ ಅನ್ಯಾಯಮಾಡುತ್ತದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ವಿಷಯವು ಗ್ರಂಥಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ. ಕೃಷ್ಣರಾಜಪುರದ ರೈಲುನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಇದರ ಪ್ರಸ್ತುತತೆಯು ತಾನಾಗಿಯೇ ಹೊಳೆಯುತ್ತದೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ತೆರೆದ ರೈಲುದಾರಿಯು ಈ ಊರನ್ನು ಹಾದುಹೋಗುತ್ತದೆ. 2023ರಿಂದ ಮೆಟ್ರೋ ರೈಲೂ ಬಂದಿದೆ. ಹಳೆಯ ಮದರಾಸು ರಸ್ತೆಯೂ ಇಲ್ಲಿಯದೇ. ಸಮೀಪದ ದೂರವಾಣಿನಗರದಲ್ಲಿ 1948ರಲ್ಲಿ ದೂರವಾಣಿ ಕಾರ್ಖಾನೆಯು ಆರಂಭವಾದಮೇಲೆ ನಾನಾ ಪ್ರಾಂತಗಳ ಕುಟುಂಬಗಳು ಈ ಸುತ್ತಿನಲ್ಲಿ ನೆಲಸಿದವು. ಹೀಗಾಗಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲೆಯಾಳ ಎಲ್ಲವೂ ಕೇಳಿಬರುತ್ತವೆ. ಕಾಲೇಜಿಗೆ ಹೊರಟ ಮಕ್ಕಳ ಕಿವಿಯಲ್ಲಿ ಇಯರ್‌ಫೋನು; ಎದುರಿನ ಬೆಂಚಿನ ಮೇಲೆ ಕುಳಿತ ಹಿರಿಯರ ಮನಸ್ಸಿನಲ್ಲಿ ತೀರ್ಪು. ಮಗುವು ತಮಿಳು ಚಿತ್ರದ ಹಾಡನ್ನು ಕೇಳುತ್ತಿದೆಯೋ, ಪುರಂದರದಾಸರ ಪದವನ್ನು ಕೇಳುತ್ತಿದೆಯೋ, ಕೊರಿಯಾ ದೇಶದ ಗಾಯಕರ ಕುಣಿತವನ್ನು ನೋಡುತ್ತಿದೆಯೋ ಎಂಬುದರ ಮೇಲೆ ಅದು ಒಳ್ಳೆಯ ಮಗುವೋ ಕೆಟ್ಟುಹೋಗುತ್ತಿರುವ ಮಗುವೋ ಎಂದು ನಿರ್ಣಯಿಸುವ ಮನೆಗಳು ಇಂದಿಗೂ ಹಲವುಂಟು. ಕಥೆಗಾರನ ತಪ್ಪಿನಿಂದ ಒಂದು ಪುಸ್ತಕ ಕೆಡಬಹುದು. ಮನೆಯವರ ಇಂತಹ ತಪ್ಪಿನಿಂದ ಮಗುವಿನ ಮನಸ್ಸೇ ಮುದುಡಬಹುದು.

ಮೊದಲು ಒಂದು ಪ್ರಾಚೀನ ನಿದರ್ಶನವನ್ನು ನೋಡಬಹುದು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕಿ ಒಳಗೆ ಬರುತ್ತಾನೆ. ಅವನ ಕಣ್ಣಿಗೆ ಬೀಳುವುದು ಹೊನ್ನಲ್ಲ. ಮೃದಂಗ, ವೀಣೆ, ಕೊಳಲು, ಪುಸ್ತಕಗಳು. ಇದೇನು, ನಾಟ್ಯಾಚಾರ್ಯನ ಮನೆಯೇ ಎಂದು ಅವನು ಬೆರಗಾಗುತ್ತಾನೆ. ಮನೆಯೊಡೆಯನು ನಿಜವಾಗಿ ಬಡವನೋ, ಅಥವಾ ಹಣವನ್ನು ನೆಲದಲ್ಲಿ ಹೂತಿಟ್ಟವನೋ ಎಂದು ತರ್ಕಿಸುತ್ತಾನೆ. ಚಾರುದತ್ತನು ಎಂತಹವನೆಂಬುದನ್ನು ಆ ವಾದ್ಯಗಳು ಸಾರುತ್ತಿವೆ ಎಂದು ಓದುಗನು ಒಪ್ಪಿಕೊಳ್ಳುವಷ್ಟರಲ್ಲಿ ಕವಿಯು ಇನ್ನೊಂದು ಸಂಗತಿಯನ್ನು ಮುಂದಿಟ್ಟಿರುತ್ತಾನೆ. ಕಳ್ಳನೂ ಕಲಾರಸಿಕನೇ! ಗೋಡೆಯಲ್ಲಿ ಕೊರೆಯುವ ಕನ್ನವು ಕಮಲದಂತಿರಬೇಕೋ, ಸೂರ್ಯನಂತಿರಬೇಕೋ, ಕುಂಭದಂತಿರಬೇಕೋ ಎಂದು ಅವನು ಆಲೋಚಿಸುತ್ತಾನೆ. ನಾಳೆ ಬೆಳಗ್ಗೆ ನೋಡಿದವರು ಮೆಚ್ಚಬೇಕೆಂಬ ಆಸೆಯೂ ಅವನಿಗುಂಟು. ಅಂದಮೇಲೆ ಸೌಂದರ್ಯದ ಮೇಲಿನ ಪ್ರೀತಿಯೊಂದೇ ಸಜ್ಜನನನ್ನೂ ಕಳ್ಳನನ್ನೂ ಬೇರ್ಪಡಿಸಲಾರದು. ಶೂದ್ರಕನು ಇವರಿಬ್ಬರನ್ನೂ ಬೇರ್ಪಡಿಸುವುದು ಅಭಿರುಚಿಯಿಂದಲ್ಲ. ತನ್ನ ವಶದಲ್ಲಿದ್ದ ಪರರ ಒಡವೆಯು ಕಳುವಾದಾಗ ಚಾರುದತ್ತನು ಹೇಗೆ ನಡೆದುಕೊಂಡನು, ತಾನು ಕದ್ದದ್ದು ಯಾರದೆಂದು ತಿಳಿದಾಗ ಶರ್ವಿಲಕನು ಹೇಗೆ ನಡೆದುಕೊಂಡನು ಎಂಬುದರಿಂದ.

ಗ್ರೀಸ್ ದೇಶದ ಪ್ಲೇಟೋವಿನ ಅಭಿಪ್ರಾಯವು ಇದಕ್ಕೆ ಸ್ವಲ್ಪ ಭಿನ್ನ. ತನ್ನ ಆದರ್ಶರಾಜ್ಯದಲ್ಲಿ ಎಳೆಯರು ಎಂತಹ ಕಥೆಗಳನ್ನು ಕೇಳಬೇಕು, ಯಾವ ಸ್ವರಕ್ರಮಗಳು ಅವರ ಕಿವಿಗೆ ಬೀಳಬಹುದು, ಯಾವುವು ಬೀಳಬಾರದು ಎಂಬುದನ್ನೆಲ್ಲ ಅವನು ಚರ್ಚಿಸುತ್ತಾನೆ. ಸಂಗೀತವು ಆತ್ಮದೊಳಕ್ಕೆ ಇಳಿದು ಅದನ್ನು ತಿದ್ದುತ್ತದೆ ಅಥವಾ ಕೆಡಿಸುತ್ತದೆ ಎಂಬುದು ಅವನ ನಂಬಿಕೆ. ಈ ನಂಬಿಕೆಯು ಗ್ರಂಥದಲ್ಲಿ ಮಾತ್ರ ಉಳಿಯಲಿಲ್ಲ. ಭಾರತದಲ್ಲಿಯೇ, 1952ರಲ್ಲಿ ಕೇಂದ್ರದ ವಾರ್ತಾಸಚಿವರಾದ ಬಿ. ವಿ. ಕೇಸ್ಕರರ ಕಾಲದಲ್ಲಿ ಚಲನಚಿತ್ರಗೀತೆಗಳು ಜನರ ರುಚಿಯನ್ನು ಕೆಡಿಸುತ್ತವೆಂದು ಅವುಗಳನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ದೂರವಿಡಲಾಯಿತು. ಫಲವೇನಾಯಿತು? ಕೇಳುಗರು ಶಾಸ್ತ್ರೀಯ ಸಂಗೀತಕ್ಕೆ ಒಲಿಯಲಿಲ್ಲ. ರೇಡಿಯೋದ ಮುಳ್ಳನ್ನು ಸಿಂಹಳದ ಕೇಂದ್ರಕ್ಕೆ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧಭಾರತಿಯು ಹುಟ್ಟಿ ಆ ಹಾಡುಗಳು ಸರಕಾರದ ಬಾನುಲಿಗೆ ಮರಳಿದವು. ಅಭಿರುಚಿಯನ್ನು ಆಜ್ಞೆಯಿಂದ ತಿದ್ದಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಆ ಐದು ವರ್ಷಗಳಲ್ಲಿ ಸಿಂಹಳದ ಹಾಡನ್ನು ಕೇಳಿದ ಮನೆಗಳಲ್ಲಿಯೂ ಸತ್ಯವಂತರಿದ್ದರು, ಪರೋಪಕಾರಿಗಳಿದ್ದರು, ಕಪಟಿಗಳೂ ಇದ್ದರು. ಕೇಳದ ಮನೆಗಳಲ್ಲಿಯೂ ಹಾಗೆಯೇ ಇದ್ದರು. ರುಚಿಯ ಗೆರೆಯೂ ಶೀಲದ ಗೆರೆಯೂ ಒಂದರ ಮೇಲೊಂದು ಬೀಳಲಿಲ್ಲ.

ಹಾಗಾದರೆ ಕಥೆಗಾರನು ಪಾತ್ರಗಳ ಮೆಚ್ಚಿನ ಹಾಡು, ಆಟ, ಪುಸ್ತಕಗಳನ್ನು ಹೇಳುವುದರಿಂದ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ಉತ್ತಮ ಕೃತಿಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ಅವುಗಳಲ್ಲಿ ಅಭಿರುಚಿಯು ಪಾತ್ರದ ಹಂಬಲವನ್ನು ತಿಳಿಸುತ್ತದೆ. ಆ ಅಭಿರುಚಿಗಾಗಿ, ಅಥವಾ ಅದನ್ನು ಮೀರಿ, ಪಾತ್ರವು ಏನು ಮಾಡುತ್ತದೆ ಎಂಬುದು ಶೀಲವನ್ನು ತಿಳಿಸುತ್ತದೆ. ಹಂಬಲಕ್ಕೂ ನಡತೆಗೂ ನಡುವಣ ದಾರಿಯಲ್ಲಿಯೇ ಕಥೆಯು ನಡೆಯುವುದು.

ಕನ್ನಡದಲ್ಲಿ ಇದಕ್ಕೆ ಮೊದಲು ನೆನಪಿಗೆ ಬರುವುದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಸುಬ್ಬಣ್ಣ’. ಕೃಷ್ಣರಾಜಪುರದಿಂದ ಪೂರ್ವಕ್ಕೆ ಹೋಗುವ ಅದೇ ರೈಲುದಾರಿಯಲ್ಲಿ ಮಾಲೂರು ಸಿಕ್ಕುತ್ತದೆ; ಆ ತಾಲ್ಲೂಕಿನ ಮಾಸ್ತಿಯೇ ಅವರ ಹೆಸರಿನೊಡನೆ ಸೇರಿದ ಊರು. 1928ರಲ್ಲಿ ಬಂದ ಈ ನೀಳ್ಗತೆಯ ನಾಯಕನು ಮೈಸೂರು ಅರಮನೆಯ ಪೌರಾಣಿಕನ ಮಗ. ತಂದೆಯು ಬಯಸಿದುದು ಮನೆತನದ ವಿದ್ಯೆಯನ್ನು. ಮಗನ ಮನಸ್ಸು ಹರಿದುದು ಸಂಗೀತದ ಕಡೆಗೆ. ಮನೆಯಲ್ಲಿ ಮನಸ್ತಾಪವುಂಟಾಗುತ್ತದೆ, ಎಳೆಯನಾದ ಸುಬ್ಬಣ್ಣನು ಊರನ್ನೇ ತೊರೆದು ದೂರದ ಕಲ್ಕತ್ತೆಯನ್ನು ಸೇರುತ್ತಾನೆ. ಸಂಗೀತವನ್ನು ಪ್ರೀತಿಸಿದನೆಂಬ ಕಾರಣಕ್ಕೆ ಅವನು ಒಳ್ಳೆಯವನೆಂದು ಮಾಸ್ತಿಯವರು ಎಲ್ಲಿಯೂ ವಾದಿಸುವುದಿಲ್ಲ. ತಂದೆಯನ್ನು ನೋಯಿಸಿದ ಹುಡುಗನು ಅವನೇ. ಕೈಹಿಡಿದವಳ ಮನಸ್ಸನ್ನು ಅರಿಯದೆ ನಡೆದವನೂ ಅವನೇ. ಕಾಲಕ್ರಮದಲ್ಲಿ ಸಾವುನೋವುಗಳನ್ನು ಕಂಡು, ಕಲೆಯಿಂದ ದೊರೆಯುವ ಕೀರ್ತಿಯ ಆಸೆಯನ್ನೂ ಬಿಟ್ಟಮೇಲೆ ಅದೇ ಸಂಗೀತವು ಅವನಲ್ಲಿ ಬೇರೆಯ ವಸ್ತುವಾಗುತ್ತದೆ. ಹಾಡು ಅದೇ, ಕಂಠವೂ ಅದೇ. ಬದಲಾದುದು ಅದರ ಹಿಂದಿನ ಮನುಷ್ಯ. ಹದಿನೆಂಟರ ಸುಬ್ಬಣ್ಣನನ್ನು ನೋಡಿ ಊರವರು ಕೊಡಬಹುದಾಗಿದ್ದ ತೀರ್ಪು ಎಷ್ಟು ಅಪೂರ್ಣವಾಗಿರುತ್ತಿತ್ತು ಎಂಬುದು ಕಥೆಯ ಕೊನೆಯನ್ನು ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಅ. ನ. ಕೃಷ್ಣರಾಯರು ಈ ವಿಷಯವನ್ನು ಮತ್ತೆ ಮತ್ತೆ ಎತ್ತಿಕೊಂಡರು. ‘ಸಂಧ್ಯಾರಾಗ’ದಲ್ಲಿ ಗಾಯಕ, ‘ಉದಯರಾಗ’ದಲ್ಲಿ ಚಿತ್ರಗಾರ, ‘ನಟಸಾರ್ವಭೌಮ’ದಲ್ಲಿ ನಟ, ಹೀಗೆ ಕಲೆಗೊಬ್ಬ ನಾಯಕನು ಅವರ ಕಾದಂಬರಿಗಳಲ್ಲಿ ಬರುತ್ತಾನೆ. ‘ಸಂಧ್ಯಾರಾಗ’ದ ಲಕ್ಷ್ಮಣನು ಸಂಗೀತಕ್ಕಾಗಿ ಮನೆಯ ನೆಮ್ಮದಿಯನ್ನು ತೊರೆಯುವವನು. 1966ರಲ್ಲಿ ಇದು ಚಲನಚಿತ್ರವಾಗಿ, ರಾಜಕುಮಾರರ ಅಭಿನಯದಿಂದಲೂ ಭೀಮಸೇನ ಜೋಶಿಯವರ ಗಾಯನದಿಂದಲೂ ಕಾದಂಬರಿಯನ್ನು ಓದದವರ ಮನೆಗೂ ಹೊಕ್ಕಿತು. ಶ್ರುತಿಪೆಟ್ಟಿಗೆಯನ್ನು ಮುಟ್ಟಿದ ಮಗನು ಹಾಳಾದನೆಂದು ಕೊರಗುತ್ತಿದ್ದ ಎಷ್ಟೋ ಮನೆಗಳಲ್ಲಿ ಆ ಚಿತ್ರವನ್ನು ಕಣ್ಣೀರಿನಿಂದ ನೋಡಿರಬೇಕು. ತೆರೆಯ ಮೇಲಿನ ಲಕ್ಷ್ಮಣನಿಗೆ ಮರುಗುವುದು ಸುಲಭ; ನಡುಮನೆಯಲ್ಲಿ ಕುಳಿತ ಲಕ್ಷ್ಮಣನನ್ನು ಸಹಿಸುವುದು ಕಷ್ಟ. ಜನಪ್ರಿಯ ಕಲೆಯು ಕಥೆಯೊಳಗಿನ ಎಳೆಯರ ಶೀಲವನ್ನು ಮಾತ್ರವಲ್ಲ, ಹೊರಗೆ ಕುಳಿತು ನೋಡುವ ಹಿರಿಯರ ಶೀಲವನ್ನೂ ಹೀಗೆ ಬಯಲಿಗೆ ತರುತ್ತದೆ.

ಇಲ್ಲಿಯ ಪರೀಕ್ಷೆಯು ತ್ಯಾಗದ್ದು: ಮೆಚ್ಚಿದ ವಸ್ತುವಿಗಾಗಿ ಎಳೆಯನು ಏನನ್ನು ಬಿಡಬಲ್ಲನು? ಇದಕ್ಕಿಂತ ಮೃದುವಾದ, ಆದರೆ ಅಷ್ಟೇ ಖಚಿತವಾದ ಇನ್ನೊಂದು ಪರೀಕ್ಷೆಯುಂಟು. ಅದು ಕೊಡುವಿಕೆಯದು. ಮೈಸೂರಿನ ಆರ್. ಕೆ. ನಾರಾಯಣರು 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಹುಡುಗರು ಕ್ರಿಕೆಟ್ಟಿನ ಹುಚ್ಚಿನಲ್ಲಿ ಒಂದು ಸಂಘವನ್ನು ಕಟ್ಟುತ್ತಾರೆ. ಅದಕ್ಕೆ ಎಂ. ಸಿ. ಸಿ. ಎಂದು ದೊಡ್ಡ ಹೆಸರನ್ನಿಡುತ್ತಾರೆ. ಚೆಂಡು ದಾಂಡುಗಳಿಗಾಗಿ ಮದರಾಸಿನ ಅಂಗಡಿಗೆ ಗಂಭೀರವಾದ ಪತ್ರಗಳನ್ನು ಬರೆಯುತ್ತಾರೆ. ಚೆಂಡೆಸೆಯುವ ಸ್ವಾಮಿಗೆ ಇಂಗ್ಲೆಂಡಿನ ಆಟಗಾರನಾದ ಟೇಟನ ಹೆಸರು ಬೀಳುತ್ತದೆ. ಎರವಲು ಹೆಸರುಗಳು, ಎರವಲು ಗತ್ತು! ಇಂದಿನ ಹುಡುಗನು ಬೆನ್ನಿನ ಮೇಲೆ ತನ್ನ ಮೆಚ್ಚಿನ ಆಟಗಾರನ ಅಂಕಿಯುಳ್ಳ ಅಂಗಿಯನ್ನು ತೊಡುವುದಕ್ಕೂ ಇದಕ್ಕೂ ಭೇದವಿಲ್ಲ. ಈ ಅನುಕರಣೆಯನ್ನು ಕಂಡು ನಾರಾಯಣರು ನಗುತ್ತಾರೆಯೇ ಹೊರತು ಹೀಯಾಳಿಸುವುದಿಲ್ಲ. ಎಳೆಯರು ಮೊದಲು ಬೇರೊಬ್ಬರ ಉಡುಪಿನಲ್ಲಿಯೇ ನಡೆಯಲು ಕಲಿಯುತ್ತಾರೆಂಬುದು ಅವರಿಗೆ ಗೊತ್ತು.

ಆದರೆ ಆ ಪುಸ್ತಕದಲ್ಲಿ ಸ್ವಾಮಿಯ ಶೀಲವು ಕಾಣಿಸುವುದು ಕ್ರಿಕೆಟ್ಟಿನಲ್ಲಲ್ಲ. ಮುಖ್ಯವಾದ ಪಂದ್ಯಕ್ಕೆ ಸ್ವಾಮಿಯು ಬಾರದೆಹೋದುದರಿಂದ ರಾಜಮ್ ಅವನೊಡನೆ ಮಾತು ಬಿಟ್ಟಿದ್ದಾನೆ. ಅವನ ತಂದೆಗೆ ವರ್ಗವಾಗಿ ಅವರು ಊರು ಬಿಡುತ್ತಿದ್ದಾರೆ. ಸ್ವಾಮಿಯು ಆಂಡರ್ಸನ್ನನ ಕಿನ್ನರಕಥೆಗಳ ಒಂದು ಪುಟ್ಟ ಪುಸ್ತಕದಲ್ಲಿ ಗೆಳೆಯನ ಹೆಸರನ್ನು ಬರೆದುಕೊಂಡು ರೈಲುನಿಲ್ದಾಣಕ್ಕೆ ಬರುತ್ತಾನೆ. ಕೈಯಾರೆ ಕೊಡಲು ಧೈರ್ಯ ಸಾಲದು. ಗಾಡಿಯು ಚಲಿಸುತ್ತಿರುವಾಗ ಮಣಿಯ ಸಹಾಯದಿಂದ ಅದು ರಾಜಮನ ಕೈಸೇರುತ್ತದೆ. ಅವನು ಅದನ್ನು ಓದಿದನೋ, ಕ್ಷಮಿಸಿದನೋ, ಪತ್ರ ಬರೆದನೋ ಎಂಬುದನ್ನು ಕಥೆಯು ಹೇಳುವುದಿಲ್ಲ. ಆ ಪುಸ್ತಕವು ಸ್ವಾಮಿಗೆ ಎಷ್ಟು ರುಚಿಸಿತ್ತು ಎಂಬುದು ಇಲ್ಲಿ ಅಪ್ರಧಾನ. ತನ್ನನ್ನು ತೊರೆದವನಿಗೆ, ಪ್ರತಿಫಲದ ಭರವಸೆಯಿಲ್ಲದೆ, ಅವಮಾನವಾದೀತೆಂಬ ಅಂಜಿಕೆಯನ್ನೂ ನುಂಗಿಕೊಂಡು ಅದನ್ನು ಕೊಟ್ಟನಲ್ಲ, ಅದರಲ್ಲಿ ಸ್ವಾಮಿಯು ಪೂರ್ಣವಾಗಿ ಕಾಣಿಸುತ್ತಾನೆ. 1986ರಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನಮಾಲಿಕೆಯಿಂದ ಈ ಹುಡುಗನು ಇಂಗ್ಲಿಷ್ ಓದದ ಮನೆಗಳಿಗೂ ಪರಿಚಿತನಾದನು.

ಅಮೆರಿಕದ ಸ್ಯಾಲಿಂಜರನು 1951ರಲ್ಲಿ ಪ್ರಕಟಿಸಿದ ‘ದಿ ಕ್ಯಾಚರ್ ಇನ್ ದಿ ರೈ’ ಕಾದಂಬರಿಯಲ್ಲಿಯೂ ಇಂತಹದೇ ಪ್ರಸಂಗವಿದೆ. ಹೋಲ್ಡನ್ ಎಂಬ ಹುಡುಗನು ಸಿನಿಮಾಗಳನ್ನು ನಿಂದಿಸುತ್ತಾನೆ, ನಟರನ್ನು ನಿಂದಿಸುತ್ತಾನೆ. ಕಂಡುದೆಲ್ಲವೂ ಅವನಿಗೆ ಕಪಟವಾಗಿ ತೋರುತ್ತದೆ. ಅವನ ಟೀಕೆಗಳನ್ನು ಮಾತ್ರ ಕೇಳಿದವರು ಅವನನ್ನು ಕಹಿಮನಸ್ಸಿನವನೆಂದು ತಳ್ಳಿಹಾಕಬಹುದು. ಆದರೆ ಪುಟ್ಟ ತಂಗಿಗಾಗಿ ಅವನು ಹುಡುಕಿ ಒಂದು ಗ್ರಾಮಫೋನು ತಟ್ಟೆಯನ್ನು ಕೊಂಡುಕೊಳ್ಳುತ್ತಾನೆ. ದಾರಿಯಲ್ಲಿ ಅದು ಬಿದ್ದು ಚೂರಾಗುತ್ತದೆ. ಚೂರುಗಳನ್ನೇ ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ತಂಗಿಯು ಆ ಚೂರುಗಳನ್ನೇ ಇಸಿದುಕೊಂಡು ಜೋಪಾನಮಾಡುತ್ತಾಳೆ. ಇನ್ನು ಹಾಡಲಾರದ ತಟ್ಟೆ. ಆದರೆ ಅಣ್ಣ ಎಂತಹವನು, ತಂಗಿ ಎಂತಹವಳು ಎಂಬುದನ್ನು ಇಡಿಯ ತಟ್ಟೆಗಿಂತ ಒಡೆದ ತಟ್ಟೆಯೇ ಚೆನ್ನಾಗಿ ಹೇಳುತ್ತದೆ.

ಮೂರನೆಯದು ಕೋಪದ ಪರೀಕ್ಷೆ. ಲೂಯಿಸಾ ಆಲ್ಕಾಟ್ ಎಂಬಾಕೆಯು 1868ರಲ್ಲಿ ಬರೆದ ‘ಲಿಟ್ಲ್ ವಿಮೆನ್’ ಕಾದಂಬರಿಯಲ್ಲಿ ಅಕ್ಕಂದಿರು ನಾಟಕಕ್ಕೆ ಹೊರಟಾಗ ಚಿಕ್ಕವಳಾದ ಏಮಿಯು ತಾನೂ ಬರುವೆನೆಂದು ಹಟಮಾಡುತ್ತಾಳೆ; ಜೋ ನಿರಾಕರಿಸುತ್ತಾಳೆ. ಸೇಡಿಗಾಗಿ ಏಮಿಯು ಅಕ್ಕನು ವರ್ಷಗಳಿಂದ ಬರೆದಿಟ್ಟಿದ್ದ ಕಥೆಗಳ ಹಸ್ತಪ್ರತಿಯನ್ನು ಬೆಂಕಿಗೆ ಹಾಕುತ್ತಾಳೆ. ಮರುದಿನ ಹಿಮಗಟ್ಟಿದ ನದಿಯ ಮೇಲೆ ಏಮಿಯು ಅಪಾಯದ ಕಡೆಗೆ ಹೋಗುತ್ತಿರುವಾಗ, ಮುನಿದ ಜೋ ಎಚ್ಚರಿಸದೆ ಸುಮ್ಮನಾಗುತ್ತಾಳೆ. ತಂಗಿಯು ನೀರಿಗೆ ಬಿದ್ದು ಹೇಗೋ ಬದುಕುತ್ತಾಳೆ. ಇಬ್ಬರೂ ಕಲೆಯನ್ನು ಪ್ರೀತಿಸುವ ಹುಡುಗಿಯರೇ: ಒಬ್ಬಳು ಬರೆಯುವವಳು, ಇನ್ನೊಬ್ಬಳು ಚಿತ್ರ ಬಿಡಿಸುವವಳು. ಕಲೆಯ ಪ್ರೀತಿಯು ಅವರನ್ನು ಆ ದಿನ ಕ್ರೌರ್ಯದಿಂದ ಕಾಪಾಡಲಿಲ್ಲ. ಆದರೆ ಸುಟ್ಟುಹೋದುದು ಎಂತಹ ವಸ್ತುವೆಂಬ ಅರಿವೇ ಒಬ್ಬಳ ಪಶ್ಚಾತ್ತಾಪಕ್ಕೂ, ಕಥೆಗಿಂತ ತಂಗಿಯು ದೊಡ್ಡವಳೆಂಬ ಅರಿವೇ ಇನ್ನೊಬ್ಬಳ ಪಶ್ಚಾತ್ತಾಪಕ್ಕೂ ಕಾರಣವಾಯಿತು.

ಇವೆಲ್ಲ ಉತ್ತಮ ಮಾರ್ಗದ ಮಾತು. ಅಗ್ಗದ ಮಾರ್ಗವೂ ಒಂದುಂಟು; ಅದು ಅಭಿರುಚಿಯನ್ನು ಬಿಲ್ಲೆಯಂತೆ ಪಾತ್ರದ ಎದೆಗೆ ತಗಲಿಸುವುದು. ಸುಶೀಲೆಯಾದ ಹುಡುಗಿಯು ಬೆಳಗ್ಗೆ ಎದ್ದು ದೇವರನಾಮ ಹಾಡುತ್ತಾಳೆ. ಕೆಟ್ಟವಳು ಹೋಟೆಲಿನಲ್ಲಿ ಕುಣಿಯುತ್ತಾಳೆ. ಒಳ್ಳೆಯ ಹುಡುಗನು ಪುಸ್ತಕ ಓದುತ್ತಾನೆ; ಪುಂಡನು ಸಿನಿಮಾದ ಮುಂಗಟ್ಟಿನಲ್ಲಿ ನಿಂತಿರುತ್ತಾನೆ. ಕನ್ನಡದ ಕಾದಂಬರಿಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಈ ಸುಲಭೋಪಾಯವನ್ನು ಎಷ್ಟೋ ಸಲ ಬಳಸಿದ್ದಾರೆ. ಇದರ ದೋಷವು ಎರಡು ಬಗೆಯದು. ಒಂದು, ಓದುಗನು ಯೋಚಿಸುವ ಶ್ರಮವನ್ನು ಕಳೆದುಕೊಳ್ಳುತ್ತಾನೆ. ನಡತೆಯನ್ನು ನೋಡುವ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ. ಎರಡನೆಯದು ಹೆಚ್ಚು ಕೆಟ್ಟುದು: ಅಭಿರುಚಿಯು ಎಷ್ಟೋ ವೇಳೆ ಹುಟ್ಟಿದ ಮನೆ, ಆಡುವ ಭಾಷೆ, ಕೈಯಲ್ಲಿರುವ ಕಾಸು ಇವುಗಳಿಂದ ನಿಶ್ಚಿತವಾಗುತ್ತದೆ. ಮನೆಯಲ್ಲಿ ವೀಣೆಯಿದ್ದವನಿಗೆ ವೀಣೆಯ ರುಚಿ ಹತ್ತುವುದು ಸಹಜ. ಸಂತೆಯ ದಿನ ಅಂಗಡಿಯ ರೇಡಿಯೋದಲ್ಲಿ ಬಂದ ಹಾಡನ್ನು ಮಾತ್ರ ಕೇಳಿದವನಿಗೆ ಆ ಹಾಡೇ ಸಂಗೀತ. ಒಂದು ಕಾಲಕ್ಕೆ ದಂಡಿನ ಕಡೆಯ ಚಿತ್ರಮಂದಿರಗಳಲ್ಲಿ ಇಂಗ್ಲಿಷ್ ಚಿತ್ರಗಳೂ ತಮಿಳು ಚಿತ್ರಗಳೂ, ಪೇಟೆಯ ಕಡೆಯಲ್ಲಿ 1934ರ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರಗಳೂ ಕಂಪನಿನಾಟಕಗಳೂ ಜನರನ್ನು ಸೆಳೆಯುತ್ತಿದ್ದವು. ಶಿವಾಜಿನಗರದ ಹುಡುಗನು ಒಂದನ್ನು ನೋಡಿದನು, ಚಿಕ್ಕಪೇಟೆಯ ಹುಡುಗನು ಇನ್ನೊಂದನ್ನು. ಅದರಿಂದ ಅವರ ಮನೆಯ ವಿಳಾಸವು ತಿಳಿದೀತು, ಅಂತಃಕರಣವು ತಿಳಿಯುವುದೆಂತು? ರುಚಿಯನ್ನು ಶೀಲವೆಂದು ಎಣಿಸುವವನು, ತಾನರಿಯದೆಯೇ, ಬಡತನವನ್ನು ದುರ್ಗುಣವೆಂದು ಎಣಿಸಿಬಿಡುತ್ತಾನೆ.

ಈ ಭ್ರಮೆಯನ್ನು ಕನ್ನಡದ ರಂಗಭೂಮಿಯಲ್ಲಿ ಮೊದಲು ಮುರಿದವರು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಕಲಿತು ಬಂದು, ಮೈಸೂರು ಸಂಸ್ಥಾನದ ನೌಕರಿಯನ್ನು ಬಿಟ್ಟು ನಾಟಕಕ್ಕೆ ಒಲಿದ ಅವರ ಬಾಳೇ ಒಂದು ನಿದರ್ಶನ. ‘ಟೊಳ್ಳುಗಟ್ಟಿ’ಯಲ್ಲಿ ಇಬ್ಬರು ಅಣ್ಣತಮ್ಮಂದಿರು: ಒಬ್ಬನು ಪರೀಕ್ಷೆಗಳನ್ನು ಪಾಸುಮಾಡಿ ಹೊಗಳಿಸಿಕೊಳ್ಳುವವನು, ಇನ್ನೊಬ್ಬನು ಓದಿನಲ್ಲಿ ಹಿಂದುಳಿದು ಬೈಸಿಕೊಳ್ಳುವವನು. ಮನೆಗೆ ಸಂಕಟ ಬಂದಾಗ ಯಾವನು ಟೊಳ್ಳು, ಯಾವನು ಗಟ್ಟಿ ಎಂಬುದು ತಾನಾಗಿ ಹೊರಬೀಳುತ್ತದೆ. ‘ಪೋಲಿ ಕಿಟ್ಟಿ’ಯಲ್ಲಿಯೂ ಅಷ್ಟೇ, ಪೋಲಿಯೆಂಬ ಬಿರುದು ಊರು ಕೊಟ್ಟುದು, ಹೃದಯವು ಹುಡುಗನದು. ಮನೆಯವರು ಇಂಗ್ಲಿಷನ್ನು ಬೆರಸಿ ಆಡುವ ಮಾತನ್ನೇ ರಂಗದ ಮೇಲೆ ತಂದ ಕೈಲಾಸಂ ಅವರು ಮಾತಿನ ಮೈಲಿಗೆಯನ್ನು ಶೀಲದ ಮೈಲಿಗೆಯೆಂದು ಭಾವಿಸಲಿಲ್ಲ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯು 1936ರದು. ಮೈಸೂರಿನಲ್ಲಿ ಓದಿ ಮಲೆನಾಡಿನ ಮನೆಗೆ ಬರುವ ಹೂವಯ್ಯನು ಕಾವ್ಯವನ್ನೂ ತತ್ತ್ವವನ್ನೂ ಓದುವವನು. ಬೆಟ್ಟದ ಮೇಲಿನ ಸೂರ್ಯೋದಯವನ್ನು ಕಂಡು ಮೈಮರೆಯುವವನು. ಮನೆಯ ಹಿರಿಯನಿಗೆ ಇದೆಲ್ಲ ಕೆಲಸಕ್ಕೆ ಬಾರದ ಹುಚ್ಚು. ಓದಿದ ಹುಡುಗನಾದ್ದರಿಂದ ಇವನು ಸಜ್ಜನನೆಂದು ಲೇಖಕರು ಅಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಬಿಲ್ಲೆಯೇ ಆಗುತ್ತಿತ್ತು. ಆದರೆ ಆ ಓದು ಆಳುಕಾಳುಗಳೊಡನೆ ಅವನು ನಡೆದುಕೊಳ್ಳುವ ರೀತಿಯಲ್ಲಿ ಇಳಿಯಬೇಕಾಗುತ್ತದೆ, ಮನೆ ಒಡೆಯುವ ವ್ಯಾಜ್ಯದಲ್ಲಿ ಪರೀಕ್ಷೆಗೊಳಗಾಗಬೇಕಾಗುತ್ತದೆ. ಪುಸ್ತಕದ ಪೆಟ್ಟಿಗೆಯು ಅವನು ಏನಾಗಬೇಕೆಂದು ಬಯಸಿದನೆಂಬುದನ್ನು ಹೇಳುತ್ತದೆ. ಗದ್ದೆ ಅಂಗಳಗಳು ಅವನು ಏನಾದನೆಂಬುದನ್ನು ಹೇಳುತ್ತವೆ.

ಈಗ ಇದಕ್ಕೆ ಎದುರಾದ ಪೂರ್ವಪಕ್ಷವೊಂದನ್ನು ಎತ್ತಿಕೊಳ್ಳಬೇಕು. ಕಲೆಯಲ್ಲಿ ಆಳವಾಗಿ ಮುಳುಗಿದವನ ಮನಸ್ಸು ತಾನಾಗಿಯೇ ಶುದ್ಧವಾಗುವುದಿಲ್ಲವೇ? ಕೆಳಮಟ್ಟದ ವಿನೋದದಲ್ಲಿ ಮುಳುಗಿದವನು ತಾನಾಗಿಯೇ ಕೆಳಗಿಳಿಯುವುದಿಲ್ಲವೇ? ಮೊದಲ ಭಾಗಕ್ಕೆ ಎಸ್. ಎಲ್. ಭೈರಪ್ಪನವರ ‘ಮಂದ್ರ’ವೇ ಉತ್ತರ. 2001ರಲ್ಲಿ ಪ್ರಕಟವಾದ ಈ ಕಾದಂಬರಿಯ ಮೋಹನಲಾಲನು ಸಂಗೀತದಲ್ಲಿ ಅಸಾಧಾರಣ. ರಾಗದ ಎದುರು ಅವನಷ್ಟು ವಿನೀತನಿಲ್ಲ. ಅದೇ ಮನುಷ್ಯನು ತನ್ನನ್ನು ನಂಬಿದವರ ಪಾಲಿಗೆ ಸ್ವಾರ್ಥಿ, ಕಾಮುಕ, ನಿರ್ದಯ. ಸ್ವರದ ಶುದ್ಧಿಗೆ ತೋರಿದ ಶ್ರದ್ಧೆಯ ನೂರರಲ್ಲೊಂದು ಪಾಲನ್ನೂ ಮನುಷ್ಯರಿಗೆ ತೋರದವನು ಅವನು. ಹೀಗಿರುವುದರಿಂದ ಉತ್ತಮ ಕಲೆಯು ಉತ್ತಮ ಶೀಲಕ್ಕೆ ಜಾಮೀನಲ್ಲ.

ಎರಡನೆಯ ಭಾಗಕ್ಕೆ ಉತ್ತರವು ಹಿಂಟನ್ ಎಂಬ ಅಮೆರಿಕದ ಲೇಖಕಿಯ ‘ದಿ ಔಟ್‌ಸೈಡರ್ಸ್’ ಕಾದಂಬರಿಯಲ್ಲಿದೆ. ಅದು 1967ರಲ್ಲಿ ಪ್ರಕಟವಾದಾಗ ಆಕೆಗೆ ಹದಿನೆಂಟು ವರ್ಷ. ಹದಿಹರೆಯದವರಿಗೆಂದೇ ಪ್ರತ್ಯೇಕವಾದ ಸಾಹಿತ್ಯವು ಆ ದೇಶದಲ್ಲಿ ಬೆಳೆಯಲು ಆ ಪುಸ್ತಕವು ಒಂದು ಕಾರಣವಾಯಿತು. ಅದರ ನಾಯಕನು ಕಥೆಯ ಮೊದಲಲ್ಲಿಯೇ ಸಿನಿಮಾ ಮಂದಿರದಿಂದ ಹೊರಗೆ ಬರುತ್ತಾನೆ. ಎಣ್ಣೆ ಹಚ್ಚಿದ ಉದ್ದ ತಲೆಗೂದಲು, ಊರವರ ಕಣ್ಣಿಗೆ ಪುಂಡ. ಕೊಲೆಯ ಪ್ರಕರಣದಲ್ಲಿ ಸಿಕ್ಕಿ ಹಾಳುಗುಡಿಯಲ್ಲಿ ಅಡಗಿದ ಆ ಹುಡುಗರು ಒಂದು ದಪ್ಪ ಕಾದಂಬರಿಯನ್ನು ಒಬ್ಬರಿಗೊಬ್ಬರು ಓದಿ ಹೇಳಿಕೊಳ್ಳುತ್ತಾರೆ. ಅದೇ ಗುಡಿಗೆ ಬೆಂಕಿ ಹತ್ತಿ ಮಕ್ಕಳು ಸಿಕ್ಕಿಕೊಂಡಾಗ ಒಳಕ್ಕೆ ನುಗ್ಗುವವರೂ ಅವರೇ. ಸಿನಿಮಾದ ಮೋಹವು ಅವರನ್ನು ಕೆಡಿಸಿರಲಿಲ್ಲ. ಕಾದಂಬರಿಯೊಂದೇ ಅವರನ್ನು ವೀರರನ್ನಾಗಿ ಮಾಡಿತೆನ್ನಲೂ ಆಗದು. ಆದರೆ ಓದುವಾಗ ಕಂಡ ಅವರ ಗಮನ, ಮತ್ತೊಬ್ಬರ ಬಾಳನ್ನು ತನ್ನದೆಂಬಂತೆ ನೋಡುವ ಶಕ್ತಿ, ಬೆಂಕಿಯ ಹೊತ್ತಿನಲ್ಲಿಯೂ ಕಾಣಿಸಿತು.

ಸಿದ್ಧಾಂತವು ಇಲ್ಲಿಯೇ ಇದೆ. ನಮ್ಮ ಪ್ರಾಚೀನ ಆಲಂಕಾರಿಕರು ಕಾವ್ಯಕ್ಕೆ ತಕ್ಕ ಓದುಗನನ್ನು ಸಹೃದಯನೆಂದು ಕರೆದರು; ಇದು ರುಚಿಯ ಎತ್ತರವನ್ನು ಅಳೆಯುವ ಮಾತಲ್ಲ, ಮತ್ತೊಂದು ಹೃದಯದೊಡನೆ ಮಿಡಿಯುವ ಸಾಮರ್ಥ್ಯವನ್ನು ಹೇಳುವ ಮಾತು. ಈ ಸಾಮರ್ಥ್ಯವು ರಾಗಾಲಾಪನೆಯನ್ನು ಕೇಳುವಾಗ ಇರಬಹುದು, ಚಲನಚಿತ್ರಗೀತೆಯನ್ನು ಕೇಳುವಾಗಲೂ ಇರಬಹುದು, ಎರಡರಲ್ಲಿಯೂ ಇಲ್ಲದಿರಬಹುದು. ಕಲೆಗಳಲ್ಲಿ ಮೇಲುಕೀಳುಗಳೇ ಇಲ್ಲವೆಂದು ಇದರಿಂದ ಅರ್ಥಮಾಡಬಾರದು. ಒಳ್ಳೆಯ ಹಾಡು ಕೆಟ್ಟ ಹಾಡಿಗಿಂತ ಒಳ್ಳೆಯದೇ. ಅದನ್ನು ಮಕ್ಕಳ ಕಿವಿಗೆ ಬೀಳಿಸುವುದು ಹಿರಿಯರ ಧರ್ಮವೇ. ಆದರೆ ಕಲೆಯ ಗುಣವನ್ನು ಅಳೆಯುವ ಕೋಲಿನಿಂದ ಮಗುವಿನ ಗುಣವನ್ನು ಅಳೆಯಲಾಗದು. ಅದಕ್ಕೆ ಬೇರೆ ಕೋಲು ಬೇಕು.

ಕೃಷ್ಣರಾಜಪುರದ ಒಂದು ಮನೆಯನ್ನು ಕುರಿತು ಕಥೆ ಬರೆಯಬೇಕೆಂದಿರುವವನು ಹೀಗೆ ಕಲ್ಪಿಸಿಕೊಳ್ಳಬಹುದು. ಅಕ್ಕತಂಗಿಯರಿಬ್ಬರು, ಅಕ್ಕನು ವೀಣೆಯನ್ನು ಅಭ್ಯಾಸಮಾಡುತ್ತಾಳೆ, ತಂಗಿಯು ಮೊಬೈಲಿನ ಹಾಡಿಗೆ ಕುಣಿಯುತ್ತಾಳೆ. ಹಿಂದಿನ ಕೋಣೆಯಲ್ಲಿ ಅಜ್ಜಿಗೆ ಕಾಯಿಲೆ. ಬಂದ ನೆಂಟರು ಅಕ್ಕನನ್ನು ಹೊಗಳುತ್ತಾರೆ, ತಂಗಿಯನ್ನು ನೋಡಿ ಹುಬ್ಬೇರಿಸುತ್ತಾರೆ. ಸ್ಪರ್ಧೆಯು ಹತ್ತಿರ ಬಂದಿರುವುದರಿಂದ ಅಕ್ಕನು, ಅಜ್ಜಿಯು ನರಳುತ್ತಿದ್ದರೂ, ಸಾಧನೆಯನ್ನು ನಿಲ್ಲಿಸುವುದಿಲ್ಲ. ತಂಗಿಯು ಹಾಡನ್ನು ಆರಿಸಿ, ಅಜ್ಜಿಯ ಬಳಿ ಕುಳಿತು, ಅವರ ಕಾಲದ ಯಾವ ಹಾಡು ಬೇಕೆಂದು ಕೇಳಿ, ಅದನ್ನು ಅದೇ ಮೊಬೈಲಿನಲ್ಲಿ ಹುಡುಕಿ ಸಣ್ಣ ದನಿಯಲ್ಲಿ ಹಾಕುತ್ತಾಳೆ. ಇಷ್ಟಕ್ಕೆ ನಿಂತರೂ ಕಥೆಯು ಬಿಲ್ಲೆಯನ್ನು ತಿರುವಿಹಾಕಿದಂತಾಯಿತಷ್ಟೆ; ವೀಣೆಯವಳು ಕೆಟ್ಟವಳು, ಕುಣಿಯುವವಳು ಒಳ್ಳೆಯವಳು ಎಂದಾಗುತ್ತದೆ. ನಿಜವಾದ ಕಥೆಗಾರನು ಇನ್ನೂ ಒಂದು ಹೆಜ್ಜೆ ಹೋಗುತ್ತಾನೆ. ಅಕ್ಕನ ಬೆರಳು ಏಕೆ ನಿಲ್ಲಲಿಲ್ಲ? ಗೆಲ್ಲದಿದ್ದರೆ ಮನೆಯಲ್ಲಿ ತನಗೆ ಬೆಲೆಯಿಲ್ಲವೆಂದು ಅವಳು ಹೆದರಿರಬಹುದು. ಆ ಹೊಗಳಿಕೆಯೇ ಅವಳ ಕೊರಳಿಗೆ ಹಗ್ಗವಾಗಿರಬಹುದು. ಹಾಗಾದರೆ ವೀಣೆಯು ಬಯಲುಮಾಡಿದುದು ಅಕ್ಕನ ಕಠಿನತೆಯನ್ನಲ್ಲ, ಮನೆಯವರು ಅವಳ ಮನಸ್ಸಿನಲ್ಲಿ ತುಂಬಿದ ಭಯವನ್ನು.

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ದೊಡ್ಡ ಪರ೦ಪರೆಯಿದೆ. 2010ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿಯು ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರವನ್ನು ಕೊಡುತ್ತಿದೆ, ಮರುವರ್ಷವೇ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಯು ಅದನ್ನು ಪಡೆಯಿತು. ಆದರೆ ಹದಿನಾಲ್ಕರಿಂದ ಇಪ್ಪತ್ತರವರೆಗಿನವರಿಗೆಂದು ಬೇರೆಯ ಕಪಾಟು ಮನೆಗಳಲ್ಲಿ ಅಪರೂಪ. ಆ ವಯಸ್ಸಿನವರು ಮಕ್ಕಳ ಪುಸ್ತಕವನ್ನು ಬಿಟ್ಟು, ದೊಡ್ಡವರ ಪುಸ್ತಕವನ್ನು ಇನ್ನೂ ಹಿಡಿಯದೆ, ನಡುವೆ ಹಾಡು ಸಿನಿಮಾ ಆಟಗಳಲ್ಲಿಯೇ ತಮ್ಮ ಮುಖವನ್ನು ಹುಡುಕಿಕೊಳ್ಳುತ್ತಾರೆ. ಅಂತಹವರನ್ನು ಕುರಿತು ಬರೆಯುವವರು ಅವರ ಮೆಚ್ಚಿನ ವಸ್ತುಗಳನ್ನು ಅಲಕ್ಷ್ಯಮಾಡಿದರೆ ಚಿತ್ರವು ಸುಳ್ಳಾಗುತ್ತದೆ. ಆ ವಸ್ತುಗಳನ್ನೇ ತೀರ್ಪಾಗಿ ಮಾಡಿದರೆ ಚಿತ್ರವು ಕ್ರೂರವಾಗುತ್ತದೆ.

ವಿದ್ಯಾವಂತರ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮಗನು ಏನು ಕೇಳುತ್ತಿದ್ದಾನೆ ಎಂಬ ಪ್ರಶ್ನೆಯು ತಪ್ಪಲ್ಲ. ಅದು ಮೊದಲನೆಯ ಪ್ರಶ್ನೆ ಮಾತ್ರ. ಅದನ್ನು ಯಾರಿಗೆ ಕೇಳಿಸಬೇಕೆಂದು ಅವನಿಗೆ ಆಸೆ? ಪಕ್ಕದ ಮನೆಯ ಹುಡುಗನಿಗೆ ಪರೀಕ್ಷೆಯೆಂದು ತಿಳಿದಾಗ ದನಿಯನ್ನು ತಗ್ಗಿಸುತ್ತಾನೆಯೇ? ತನ್ನ ಮೆಚ್ಚಿನ ನಟನನ್ನು ಇನ್ನೊಬ್ಬನು ಹಳಿದಾಗ ಗೆಳೆತನವನ್ನು ಉಳಿಸಿಕೊಳ್ಳಬಲ್ಲನೇ? ಮನೆಯವರ ಹೆದರಿಕೆಯಿಂದ ಯಾವ ಹಾಡನ್ನು ಬಚ್ಚಿಟ್ಟು ಕೇಳುತ್ತಿದ್ದಾನೆ, ಮತ್ತು ಆ ಹೆದರಿಕೆಗೆ ಕಾರಣರು ಯಾರು? ಇವುಗಳಿಗೆ ಉತ್ತರವು ಒಂದು ದಿನದಲ್ಲಿ ದೊರೆಯುವುದಿಲ್ಲ. ಮಗುವಿನ ಬಳಿ ಕುಳಿತು, ಅದು ಮೆಚ್ಚಿದುದನ್ನು ಒಮ್ಮೆಯಾದರೂ ಅದರೊಡನೆ ಕೇಳಿದವರಿಗೆ ಮಾತ್ರ ನಿಧಾನವಾಗಿ ದೊರೆಯುತ್ತದೆ. ಒಳ್ಳೆಯ ಕಾದಂಬರಿಯನ್ನು ಓದುವವರು ನಾಯಕನನ್ನು ಮೊದಲ ಪುಟದಲ್ಲಿ ನಿರ್ಣಯಿಸದೆ ಮುನ್ನೂರು ಪುಟಗಳ ತಾಳ್ಮೆಯನ್ನು ತೋರುತ್ತಾರೆ. ಕಾಗದದ ಹುಡುಗನಿಗೆ ಸಲ್ಲುವ ಅಷ್ಟು ತಾಳ್ಮೆಯು ಮನೆಯ ಹುಡುಗನಿಗೂ ಸಲ್ಲತಕ್ಕುದು.